ಯಾತ್ರೆ ಜಾತ್ರೆಯಾದ ದಾರಿ

ಮಾಘಮಾಸದಲ್ಲಿ ಧಾರವಾಡದಿಂದ ಹಳಿಯಾಳದ ಕಡೆಗೆ ಚಕ್ಕಡಿಗಳ ಸಾಲು ಹೊರಟಿದ್ದರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಎತ್ತಿನ ಕೋಡಿಗೆ ಕೊಡೆಣಸು, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಬಣ್ಣದ ಝೂಲ. ಬಂಡಿಯ ಹಿಂಬದಿಯಲ್ಲಿ ಜೋಳದ ಕಣಿಕೆ, ಹೊಟ್ಟಿನ ಚೀಲ, ಎತ್ತಿಗೆ ಹಿಂಡಿ. ಮನುಷ್ಯರಿಗೆ ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ದಾರಿ ಬಿಡುತ್ತ ನಿಂತವರು ಸುಮ್ಮನೆ ಮಾತಿಗೆಂದು “ಎಲ್ಲಿಗ್ರಿ ಯಜ್ಜಾರ?” ಎಂದರೆ, “ಉಳವಿ ಜಾತ್ರಿಗಿ ಹೊಂಟೇವ್ರಿ” ಎಂಬ ಉತ್ತರ ಬರುತ್ತದೆ. ಅದೇ ರಸ್ತೆಯಲ್ಲಿ ಹಾರ್ನ್ ಹಾಕುತ್ತ ಮುಂದೆ ಹೋಗುವ ಕಾರಿನೊಳಗಿನ ಹುಡುಗರನ್ನು ಕೇಳಿದರೆ “ದಾಂಡೇಲಿ ಟ್ರಿಪ್” ಎನ್ನುತ್ತಾರೆ. ಗಣೇಶಗುಡಿಯಲ್ಲಿ ರಾಫ್ಟಿಂಗ್, ಸೂಪಾ ಹಿನ್ನೀರಿನ ನೋಟ, ಸಿಂಥೇರಿ ಬಂಡೆ, ಕವಳಾ ಗುಹೆ, ಹೊತ್ತು ಉಳಿದರೆ ಉಳವಿ. ಎರಡು ದಿನದ ರಜೆ.

ಚಕ್ಕಡಿಯವರ ಬಾಯಲ್ಲಿ ಜಾತ್ರೆ, ಕಾರಿನವರ ಬಾಯಲ್ಲಿ ಟ್ರಿಪ್. ಇಬ್ಬರೂ ಆಡದೆ ಬಿಟ್ಟ ಮಾತು ಯಾತ್ರೆ. ಆದರೆ ಇಬ್ಬರ ಹೊರಡುವಿಕೆಯನ್ನೂ ಆ ಒಂದೇ ಮಾತು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತನ್ನೊಳಗೆ ಇಟ್ಟುಕೊಂಡಿತ್ತು.

‘ಯಾ’ ಎಂಬ ಸಂಸ್ಕೃತ ಧಾತುವಿಗೆ ಹೋಗುವುದು ಎಂದರ್ಥ. ಯಾನ, ಪ್ರಯಾಣ, ಯಾತ್ರೆ ಎಲ್ಲವೂ ಅದರ ಮಕ್ಕಳು. ಪ್ರಾಕೃತದ ಬಾಯಿಗೆ ಬಂದಾಗ ಮೊದಲಕ್ಷರದ ಯಕಾರ ಜಕಾರವಾಯಿತು. ಕನ್ನಡದ ತದ್ಭವಗಳಲ್ಲಿ ಆ ಗುರುತು ಎಲ್ಲೆಲ್ಲೂ ಇದೆ: ಯಮ ಜವನಾದ, ಯೋಗಿ ಜೋಗಿಯಾದ, ಯಕ್ಷ ಜಕ್ಕನಾದ, ಯೌವನ ಜವ್ವನವಾಯಿತು, ಯಾತ್ರೆ ಜಾತ್ರೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಇಟ್ಟ. ಸಾಮಾನ್ಯವಾಗಿ ತದ್ಭವವೂ ತತ್ಸಮವೂ ಒಂದೇ ಅರ್ಥ ಹೊತ್ತು ಉಳಿಯುತ್ತವೆ; ಒಂದು ಮನೆಯ ಮಾತು, ಒಂದು ಸಭೆಯ ಮಾತು, ಅಷ್ಟೇ ವ್ಯತ್ಯಾಸ. ಇಲ್ಲಿ ಹಾಗಾಗಲಿಲ್ಲ. ಅಣ್ಣ ತಮ್ಮ ಪಾಲಾದರು. ದಾರಿ ನಡೆಯುವ ಕೆಲಸ ಯಾತ್ರೆಯ ಪಾಲಿಗೆ ಬಂತು, ಮುಟ್ಟಿದ ಊರಿನಲ್ಲಿ ನೆರೆಯುವ ಸಂಭ್ರಮ ಜಾತ್ರೆಯ ಪಾಲಿಗೆ. ಕಾಶಿಗೆ ಹೋಗುವುದು ಯಾತ್ರೆ. ಬಾದಾಮಿಯ ಬನಶಂಕರಿಯಲ್ಲಿ ಸೇರುವುದು ಜಾತ್ರೆ. ಬೆಂಗಳೂರು ಕಡೆಯವರು ಇದಕ್ಕೆ ಪರಿಷೆ ಎನ್ನುತ್ತಾರೆ. ಅದು ಪರಿಷತ್ತಿನ ಮನೆತನದ ಮಾತು, ಹುಟ್ಟಿನಿಂದಲೇ ಕೂಟ. ಜಾತ್ರೆ ಮಾತ್ರ ನಡೆಯುತ್ತ ಬಂದು ಕೂಟವಾದದ್ದು.

ಮೊದಮೊದಲು ಯಾತ್ರೆಗೆ ದೇವರ ನಂಟಿಗಿಂತ ದಂಡಿನ ನಂಟು ಗಟ್ಟಿಯಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯಾತ್ರೆಯೆಂದರೆ ಅರಸ ಶತ್ರುವಿನ ಮೇಲೆ ಏರಿಹೋಗುವುದು. ಅದಕ್ಕೆ ಮಾರ್ಗಶಿರ, ಚೈತ್ರ, ಜ್ಯೇಷ್ಠಗಳೆಂಬ ಕಾಲವನ್ನೂ ಅವನು ಎಣಿಸಿಕೊಡುತ್ತಾನೆ. ದಂಡಯಾತ್ರೆ ಎಂಬ ಜೋಡಿ ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಇವತ್ತಿಗೂ ಸವೆದಿಲ್ಲ. ಇನ್ನೊಂದು ಮೆತ್ತನೆಯ ಅರ್ಥವೂ ಇತ್ತು: ಬದುಕು ಸಾಗಿಸುವುದು. ಭಗವದ್ಗೀತೆಯ ಮೂರನೆಯ ಅಧ್ಯಾಯದ ಶರೀರಯಾತ್ರೆ ಅದೇ. ಜಾತ್ರೆಯಲ್ಲಿ ಬೆಂಡು ಬತ್ತಾಸು, ಬಳೆ, ಬಲೂನು ಮಾರುವವರ ಮಟ್ಟಿಗೆ ಆ ಹಳೆಯ ಅರ್ಥ ಇಂದಿಗೂ ನೂರಕ್ಕೆ ನೂರು ನಿಜ.

ತಿರುಗಾಟಕ್ಕೂ ಯಾತ್ರೆಗೂ ಗಂಟು ಬಿದ್ದದ್ದು ಯಾವಾಗ ಎಂದು ಹುಡುಕುವವರು ಅಶೋಕನ ಎಂಟನೆಯ ಬಂಡೆಶಾಸನವನ್ನು ಓದಬೇಕು. ನಮಗೆ ಹತ್ತಿರದಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆಯೂ ಅದು ಇದೆ. ಹಿಂದಿನ ಅರಸರು ವಿಹಾರಯಾತ್ರೆಗೆ ಹೋಗುತ್ತಿದ್ದರು, ಬೇಟೆಯಾಡುತ್ತಿದ್ದರು, ಅಂಥವೇ ಬೇರೆ ಮೋಜುಗಳನ್ನು ಮಾಡುತ್ತಿದ್ದರು ಎಂದು ಅಶೋಕ ಶುರುಮಾಡುತ್ತಾನೆ. ತಾನು ಪಟ್ಟಾಭಿಷೇಕವಾಗಿ ಹತ್ತು ವರ್ಷವಾದ ಮೇಲೆ ಸಂಬೋಧಿಗೆ, ಅಂದರೆ ಬುದ್ಧನಿಗೆ ಅರಿವು ಮೂಡಿದ ಬೋಧಗಯೆಗೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು ಎನ್ನುತ್ತಾನೆ. ಆ ಯಾತ್ರೆಯಲ್ಲಿ ಏನೇನು ಮಾಡುತ್ತೇನೆಂದು ಬರೆಸಿದ ಪಟ್ಟಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಶ್ರಮಣರನ್ನೂ ಬ್ರಾಹ್ಮಣರನ್ನೂ ಕಂಡು ದಾನ ಕೊಡುವುದು, ವಯಸ್ಸಾದವರನ್ನು ಕಂಡು ಹೊನ್ನು ಕೊಡುವುದು, ಹಳ್ಳಿಗಾಡಿನ ಜನರ ದರ್ಶನ ಮಾಡುವುದು, ಅವರೊಂದಿಗೆ ಧರ್ಮದ ಮಾತು. ದರ್ಶನ ಎಂಬ ಮಾತನ್ನು ನಾವು ದೇವರಿಗೆ ಮೀಸಲಿಟ್ಟಿದ್ದೇವೆ. ಚಕ್ರವರ್ತಿ ಅದನ್ನು ಹಳ್ಳಿಯ ಜನಕ್ಕೆ ಬಳಸಿದ್ದಾನೆ. ವಿಹಾರಯಾತ್ರೆಗೂ ಧರ್ಮಯಾತ್ರೆಗೂ ಅವನು ಕಂಡ ವ್ಯತ್ಯಾಸ ಇರುವುದು ಅಲ್ಲಿ: ಹೋದ ಕಡೆ ಮನುಷ್ಯರು ಕಾಣುತ್ತಾರೆಯೇ ಇಲ್ಲವೇ ಎಂಬುದರಲ್ಲಿ.

ವಿಹಾರ ಎಂಬ ಮಾತನ್ನು ನಮ್ಮ ಪತ್ರಿಕೆಗಳು ಬಿಟ್ಟಿಲ್ಲ. ಬೆಳಗಿನ ನಡಿಗೆ ವಾಯುವಿಹಾರ, ಕೆರೆಯ ಮೇಲಿನ ಸುತ್ತಾಟ ದೋಣಿವಿಹಾರ. ದೋಣಿಗೂ ಯಾತ್ರೆಗೂ ಹಳೆಯ ಸ್ನೇಹವಿದೆ. ಸುಮಾತ್ರಾದ ಪಾಲೆಂಬಾಂಗ್ ಹತ್ತಿರ ಸಿಕ್ಕ, ಶಕವರ್ಷ 605ರ ಕೆಡುಕನ್ ಬುಕಿಟ್ ಶಾಸನದಲ್ಲಿ ಅಲ್ಲಿಯ ಒಡೆಯ ದೋಣಿ ಹತ್ತಿ ಸಿದ್ಧಯಾತ್ರೆಗೆ ಹೊರಡುತ್ತಾನೆ. ಹಳೆಯ ಮಲಯ ಭಾಷೆಯ ಮೊದಲ ಬರಹಗಳಲ್ಲೇ ಈ ಮಾತು ಕಡಲು ದಾಟಿ ಕೂತಿದೆ.

ಹೋಗುವುದು ಹೇಗೆ ಹಬ್ಬವಾಯಿತು? ಭವಭೂತಿಯ ನಾಟಕಗಳ ಪ್ರಸ್ತಾವನೆಯಲ್ಲಿ ಇದಕ್ಕೊಂದು ಸುಳಿವಿದೆ. ಎಂಟನೆಯ ಶತಮಾನದ ಆ ಕವಿಯ ಮೂರೂ ನಾಟಕಗಳು ಕಾಲಪ್ರಿಯನಾಥ ಎಂಬ ದೇವರ ಯಾತ್ರೆಯ ಸಂದರ್ಭದಲ್ಲಿ ರಂಗಕ್ಕೆ ಬಂದವೆಂದು ಸೂತ್ರಧಾರನೇ ಹೇಳುತ್ತಾನೆ. ಅಲ್ಲಿ ಹೊರಡುವವನು ದೇವರು. ಭಕ್ತ ಊರಿನಿಂದ ಹೊರಟು ಬರುತ್ತಾನೆ, ದೇವರು ಗರ್ಭಗುಡಿಯಿಂದ ಹೊರಟು ತೇರಿನ ಮೇಲೆ ಬರುತ್ತಾನೆ, ಬೀದಿಯಲ್ಲಿ ಇಬ್ಬರ ಭೇಟಿ. ಎರಡೂ ಕಡೆಯ ಯಾತ್ರೆ ಕೂಡಿದಲ್ಲಿ ಜಾತ್ರೆ. ಬಂಗಾಳ, ಒಡಿಶಾಗಳಲ್ಲಿ ಈ ಮಾತು ಇನ್ನೊಂದು ಹೆಜ್ಜೆ ಹಾಕಿ, ಆ ಸಂದರ್ಭದ ಆಟವೇ ‘ಜಾತ್ರಾ’ ಆಗಿಬಿಟ್ಟಿತು. ನಮ್ಮಲ್ಲಿ ಹೆಸರು ಬದಲಾಗಲಿಲ್ಲ, ಆದರೆ ಬನಶಂಕರಿ ಜಾತ್ರೆಯೆಂದರೆ ಕಂಪನಿ ನಾಟಕಗಳ ಕ್ಯಾಂಪ್ ಎಂಬುದು ಉತ್ತರ ಕರ್ನಾಟಕದ ಮಕ್ಕಳಿಗೂ ಗೊತ್ತು. ಉಳವಿ ಇರುವ ಜೋಯಿಡಾ ತಾಲ್ಲೂಕಿನ ಕೊಂಕಣಿ ಮನೆಗಳಲ್ಲಿಯೂ ಊರಹಬ್ಬಕ್ಕೆ ಇದೇ ಮಾತು.

ಉಳವಿಗೆ ನಡೆದ ಮೊದಲ ಪಯಣವನ್ನು ಯಾರೂ ಯಾತ್ರೆ ಎಂದು ಹೊರಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯಾದ ಮೇಲೆ ಶರಣರ ಒಂದು ಗುಂಪು ಚನ್ನಬಸವಣ್ಣನ ಮುಂದಾಳುತನದಲ್ಲಿ, ಅವನ ತಾಯಿ ಅಕ್ಕನಾಗಮ್ಮನೂ ಜೊತೆಗಿದ್ದು, ವಚನದ ಕಟ್ಟುಗಳನ್ನು ಹೊತ್ತು ಪಡುವಣ ಕಾಡಿನ ಕಡೆ ನಡೆಯಿತೆಂದು ಪರಂಪರೆ ನೆನೆಯುತ್ತದೆ. ಬೆನ್ನಟ್ಟಿ ಬಂದದ್ದು ಕಳಚೂರಿ ಸೈನ್ಯ. ಕಾದರವಳ್ಳಿಯಲ್ಲಿ ಕಾಳಗವಾಯಿತು ಎನ್ನುತ್ತಾರೆ. ಮುಂದೆ ಹೋಗುತ್ತಿದ್ದವರು ನಂಬಿದ್ದನ್ನು ಉಳಿಸಿಕೊಳ್ಳಲು ಹೊರಟವರು, ಹಿಂದೆ ಬರುತ್ತಿದ್ದವರು ದಂಡಯಾತ್ರೆಯವರು. ಒಂದೇ ಶಬ್ದದ ಎರಡು ಅರ್ಥಗಳು ಒಂದೇ ಕಾಲುದಾರಿಯಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋದಂತೆ ನನಗೆ ಕಾಣುತ್ತದೆ. ಚನ್ನಬಸವಣ್ಣ ಉಳವಿಯಲ್ಲೇ ಐಕ್ಯನಾದ. ಅಕ್ಕನಾಗಮ್ಮನ ಗವಿ, ಮಹಾಮನೆ, ಆಕಳ ಗವಿ, ಹರಳಯ್ಯನ ಚಿಲುಮೆ ಎಂದು ಕಾಡಿನ ಕಲ್ಲಿಗೂ ನೀರಿಗೂ ಶರಣರ ಹೆಸರು ಅಂಟಿತು. ಊರಿನ ಹೆಸರನ್ನೂ ಜನ ‘ಉಳಿವು’ ಎಂಬುದರ ಜೊತೆಗೆ ಕೂಡಿಸಿ ಹೇಳುತ್ತಾರೆ. ಶರಣಧರ್ಮ ಉಳಿದ ಜಾಗ ಎಂದು. ಶಾಸ್ತ್ರೀಯ ನಿರುಕ್ತಿ ಬೇರೆಯಿದ್ದರೂ ಇರಬಹುದು, ಆದರೆ ಜನ ಕಟ್ಟಿಕೊಂಡ ನಿರುಕ್ತಿಯಲ್ಲಿ ಅವರು ಕಾಪಾಡಿಕೊಂಡ ನೆನಪು ಇದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರು ಶರಣರು. ಅವರ ಹೆಸರಿನ ಜಾತ್ರೆಗೆ ಈ ಬಂಡಿಗಳು ಬರುವುದರಲ್ಲಿ ಒಂದು ಔಚಿತ್ಯವಿದೆ, ಏಕೆಂದರೆ ಉಳವಿಯಲ್ಲಿ ಇನ್ನೂ ದಾರಿಯೇ ಅರ್ಧ ಜಾತ್ರೆ. ಭಾರತ ಹುಣ್ಣಿಮೆಯ ಆಸುಪಾಸಿಗೆ ತೇರು. ಸುಗ್ಗಿ ಮುಗಿದು ಎತ್ತಿಗೆ ಬಿಡುವಾಗುವ ಹೊತ್ತದು. ಬೆಳಗಾವಿ, ಧಾರವಾಡ ಸೀಮೆಯ ಬಯಲಿನ ಎತ್ತುಗಳು ಹಳಿಯಾಳ ದಾಟಿ, ದಾಂಡೇಲಿಯ ನಂತರ ಪೋಟೋಳಿ, ಗುಂದದ ಏರಿಳಿತಗಳನ್ನು ಹತ್ತಿ ಇಳಿಯುತ್ತವೆ. ಏರು ಬಂದಲ್ಲಿ ಗಂಡಸರು ಇಳಿದು ಗಾಲಿಗೆ ಕೈ ಕೊಡುತ್ತಾರೆ. ಇಳಿಜಾರು ಬಂದರೆ ನೊಗದ ಮುಂದೆ ನಿಂತು ಎತ್ತಿನ ಮೂಗುದಾರ ಹಿಡಿದು ಹಿಂದಕ್ಕೆ ಒತ್ತಿ ಹೆಜ್ಜೆ ಹಾಕಿಸುತ್ತಾರೆ; ಹೊಲದ ಮಣ್ಣಿಗೆ ಒಗ್ಗಿದ ಗೊರಸಿಗೆ ಡಾಂಬರು ಜಾರುತ್ತದೆ, ಲಾಳ ಸವೆದಿದ್ದರೆ ಇನ್ನೂ ಕಷ್ಟ. ಅಡಕೇಶ್ವರ ಮಡಕೇಶ್ವರ ಎಂದು ಶುರುವಾಗುವ ಜಯಘೋಷ ಒಂದು ಬಂಡಿಯಿಂದ ಇನ್ನೊಂದಕ್ಕೆ ಹಾಯುತ್ತದೆ. ವಸ್ತಿ ಮಾಡುವ ಜಾಗ, ನೀರಿನ ಜಾಗ ಅಪ್ಪನಿಂದ ಮಗನಿಗೆ ಗೊತ್ತಾಗುತ್ತ ಬಂದದ್ದು. ಯಾವ ಊರಿನಲ್ಲಿ ಯಾರು ಮಜ್ಜಿಗೆ ಕೊಡುತ್ತಾರೆ, ಯಾರ ಹಿತ್ತಲಲ್ಲಿ ಎತ್ತು ಕಟ್ಟಲು ಬಿಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅಶೋಕ ಹೇಳಿದ ಹಳ್ಳಿಗಾಡಿನ ಜನರ ದರ್ಶನ ಇದಕ್ಕಿಂತ ಬೇರೆಯೇನಲ್ಲ.

ಕಾರಿನವರ ಮಾತಿಗೆ ಬರೋಣ. ಟ್ರಿಪ್ ಬರುವ ಮೊದಲು ನಮ್ಮಲ್ಲಿ ಪ್ರವಾಸ ಇತ್ತು. ಅದರ ಹಳೆಯ ಮುಖ ಅಳುಮುಖ. ‘ವಸ್’ ಎಂದರೆ ವಾಸಿಸುವುದು, ಪ್ರವಾಸವೆಂದರೆ ಮನೆಬಿಟ್ಟು ದೂರದಲ್ಲಿ ಇರುವುದು. ಅಲಂಕಾರಶಾಸ್ತ್ರದವರು ವಿರಹದ ಒಂದು ಬಗೆಯನ್ನೇ ಪ್ರವಾಸವೆಂದು ಕರೆದರು. ಗಂಡ ಪ್ರವಾಸಕ್ಕೆ ಹೋದ ಹೆಣ್ಣು ಪ್ರೋಷಿತಭರ್ತೃಕೆ. ಮೇಘದೂತದ ಯಕ್ಷ ರಾಮಗಿರಿಯಲ್ಲಿ ಅನುಭವಿಸಿದ್ದು ಪ್ರವಾಸ. ಆ ದುಃಖವೆಲ್ಲ ತೊಳೆದುಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸೋದ್ಯಮ ಎಂಬ ಇಲಾಖೆಯ ಹೆಸರಿನೊಳಗೆ ಅದು ನಗುಮುಖ ಹೊತ್ತು ಕೂತಿತು. ನಡುವೆ ವಿ. ಸೀತಾರಾಮಯ್ಯನವರು ಹಾಳು ಹಂಪೆಯನ್ನು ನೋಡಿಬಂದದ್ದನ್ನು ಬರೆದಾಗ ‘ಪಂಪಾಯಾತ್ರೆ’ ಎಂದೇ ಹೆಸರಿಟ್ಟರು. ಹಾಳೂರಿನ ಕಲ್ಲುಗಳ ನಡುವೆ ತಿರುಗುವುದಕ್ಕೆ ಯಾತ್ರೆಯೆಂಬ ಮಾತು ಸಲ್ಲುತ್ತದೆಂದು ಅವರಿಗೆ ಅನ್ನಿಸಿತ್ತು.

ಸೂಪಾ ಹಿನ್ನೀರಿಗೂ ಆ ಮಾತು ಸಲ್ಲುತ್ತದೆ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು 1987ರ ಹೊತ್ತಿಗೆ ನಿಂತಿತು. ಸುಮಾರು 147 ಟಿಎಂಸಿ ನೀರು ನಿಲ್ಲುವ ಈ ಜಲಾಶಯ ರಾಜ್ಯದಲ್ಲಿ ಲಿಂಗನಮಕ್ಕಿಯ ಸಾಲಿಗೆ ಸೇರುವಷ್ಟು ದೊಡ್ಡದು. ಜಾತ್ರೆಯ ಕಾಲಕ್ಕೆ ನೀರು ಇಳಿಯತೊಡಗಿರುತ್ತದೆ. ಕಾಡಿನ ಹಸಿರಿಗೂ ನೀರಿನ ನೀಲಿಗೂ ನಡುವೆ ಹುಲ್ಲು ಸಹ ಹುಟ್ಟದ ಕೆಮ್ಮಣ್ಣಿನ ಪಟ್ಟಿ ಸುತ್ತಲೂ ಕಾಣುತ್ತದೆ. ನೋಡಲು ಸುಂದರ, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ರಾಫ್ಟಿಂಗ್ ನಡೆಯುವುದು ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ. ಆದರೆ ಅಣೆಕಟ್ಟಿಗೆ ಹೆಸರು ಕೊಟ್ಟ ಸೂಪಾ ಎಂಬ ಊರು, ಕಾಳಿಯೂ ಪಾಂಢರಿಯೂ ಕೂಡುವಲ್ಲಿದ್ದ ತಾಲ್ಲೂಕು ಕೇಂದ್ರ, ಆ ನೀರಿನ ಅಡಿಗಿದೆ. ಕಚೇರಿಗಳು ಜೋಯಿಡಾಕ್ಕೆ ಬಂದವು, ತಾಲ್ಲೂಕಿನ ಹೆಸರೇ ಬದಲಾಯಿತು. ಮನೆ ಹೊಲ ಕಳೆದುಕೊಂಡವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಅವರ ಪಾಲಿಗೆ ಪ್ರವಾಸ ತನ್ನ ಹಳೆಯ ಅರ್ಥಕ್ಕೇ ಮರಳಿತು.

ದೂರದ ತೈವಾನಿನಲ್ಲಿ ಇದರ ಜೋಡಿ ಇದೆ. ಸೂರ್ಯಚಂದ್ರ ಸರೋವರ ಆ ದ್ವೀಪದ ಅತಿ ಹೆಸರಾದ ವಿಹಾರಸ್ಥಳ. ಜನ ಸೈಕಲ್ ಮೇಲೆ ದಂಡೆ ಸುತ್ತುತ್ತಾರೆ, ದೋಣಿಯಲ್ಲಿ ಲಾಲು ನಡುಗಡ್ಡೆಯ ಹತ್ತಿರ ಹೋಗುತ್ತಾರೆ. ಇವತ್ತು ಕಾಣುವ ಅದರ ಹರವು 1934ರಲ್ಲಿ ಜಪಾನೀ ಆಳ್ವಿಕೆ ಮುಗಿಸಿದ ಜಲವಿದ್ಯುತ್ ಯೋಜನೆಯಿಂದ ಬಂದದ್ದು. ನೀರು ಏರಿತು, ಅಲ್ಲಿನ ಮೂಲನಿವಾಸಿಗಳಾದ ಥಾವ್ ಜನ ದಂಡೆ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು, ಪೂರ್ವಿಕರ ಆತ್ಮಗಳಿರುವ ಜಾಗವೆಂದು ಅವರು ನಂಬಿದ ಲಾಲು ಕುಗ್ಗಿಹೋಯಿತು. ಅದೇ ಸರೋವರದ ಮೇಲಿನ ಗುಡ್ಡದಲ್ಲಿ 1965ರ ಒಂದು ಬೌದ್ಧ ದೇಗುಲವಿದೆ. ಅಲ್ಲಿ ಪೂಜೆಗೊಳ್ಳುವ ಅಸ್ಥಿ ನಮ್ಮ ಶಾಲಾಪುಸ್ತಕದ ಹ್ಯೂಯೆನ್‌ತ್ಸಾಂಗ್‌ನದು. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು, ಅಲ್ಲಿಯ ಜನ ಎಂಥವರೆಂದು ಬರೆದಿಟ್ಟ ಯಾತ್ರಿಕನದು.

ನಮ್ಮ ನೆರೆಯ ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರು ತೀರ್ಥಯಾತ್ರೆಗೆ ‘ನೇಕೋರ್’ ಎನ್ನುತ್ತಾರೆ, ಪುಣ್ಯಸ್ಥಳವನ್ನು ಸುತ್ತಿ ಬರುವುದು. ಅವರ ನಾಡಿನಲ್ಲಿ ಮಾನಸ ಸರೋವರವನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ಸೂಪಾವನ್ನು ಹಾಗೆ ಸುತ್ತಲು ಬರುವುದಿಲ್ಲ. ಅದರ ತೋಳುಗಳು ಕಣಿವೆ ಕಣಿವೆಗೆ ಚಾಚಿಕೊಂಡಿವೆ, ಸುತ್ತ ಕಾಡು, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆ. ಬಂದವರು ನಿಂತ ಜಾಗದಿಂದಲೇ ನೋಡಿ ಹೋಗಬೇಕು. ಹಾಗಿದ್ದ ಮೇಲೆ ಆ ನಿಂತ ಜಾಗದಲ್ಲಿ ಅಣೆಕಟ್ಟಿನ ಎತ್ತರ, ವಿದ್ಯುತ್ತಿನ ಮೆಗಾವ್ಯಾಟ್ ಜೊತೆಗೆ ಮುಳುಗಿದ ಊರುಗಳ ಹೆಸರಿನ ಒಂದು ಫಲಕವೂ ಬೇಕು. ಒಂದೊಂದು ಹೆಸರಿನ ಮುಂದೆ ಆ ಊರಿನ ಜಾತ್ರೆ ಯಾವ ಮಾಸ, ಯಾವ ತಿಥಿಗೆ ನಡೆಯುತ್ತಿತ್ತು ಎಂಬುದೂ ಇರಬೇಕು. ರಾಮನಗರದ ಹಿರಿಯರನ್ನು ಈಗಲೇ ಕೇಳಿ ಬರೆದುಕೊಂಡರೆ ಆ ಪಟ್ಟಿ ಸಿಕ್ಕೀತು.