ಅಟ್ಟ ಸೇರಿದ ರೇಡಿಯೋಗಳು

ಹುಲಿಕೆರೆ ಎಂದರೆ ಹೊರಗಿನವರಿಗೆ ಹೊಯ್ಸಳರ ಕಾಲದ ಕಲ್ಯಾಣಿ. ಅದರ ಬಗ್ಗೆ ಬರೆಯಬಲ್ಲ ಹಿರಿಯರು ಬೇರೆ ಇದ್ದಾರೆ. ಈ ಶಾಲೆಯಲ್ಲಿ ಓದಿ ರೇಡಿಯೋ ರಿಪೇರಿಯನ್ನು ಕಸುಬು ಮಾಡಿಕೊಂಡ ನಾನು ಬರೆಯುವುದು ಅಷ್ಟು ಹಳೆಯದಲ್ಲದ, ಆದರೆ ಬೇಗ ಬೇಗ ಕಾಣೆಯಾಗುತ್ತಿರುವ ಒಂದು ಚರಿತ್ರೆ. ಕಲ್ಯಾಣಿಯ ಕಲ್ಲನ್ನು ಯಾರೂ ತೂಕಕ್ಕೆ ಹಾಕುವುದಿಲ್ಲ. ಅಟ್ಟದ ಮೇಲಿನ ರೇಡಿಯೋವನ್ನು ಗುಜರಿಯವರು ಒಳಗಿನ ತಾಮ್ರಕ್ಕಾಗಿ ಕೊಂಡೊಯ್ಯುತ್ತಿದ್ದಾರೆ.

ಕನ್ನಡ ನಾಡಿನ ಬಾನುಲಿ ಶುರುವಾದದ್ದು 1935ರಲ್ಲಿ, ಮೈಸೂರಿನ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದೇ. 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ ನಿಲಯಗಳು ಬಂದ ಮೇಲೆ ನಮ್ಮ ಕಡೆಯ ಡಯಲ್‌ಗಳಿಗೆ ಕೆಲಸ ಸಿಕ್ಕಿತು. ಕತ್ತಲಾದ ಮೇಲೆ ದೂರದೂರದ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುತ್ತಿದ್ದವು. ಸೆಟ್ಟು ಕೆಟ್ಟಿತೆಂದು ಹೊತ್ತು ತರುತ್ತಿದ್ದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಹಗಲಲ್ಲಿ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುವ ಮೇಲಿನ ಗಾಳಿಯ ಪದರ ರಾತ್ರಿ ಇರುವುದಿಲ್ಲ, ಅದಕ್ಕೇ ದೂರದ್ದೆಲ್ಲ ಬರುತ್ತದೆ, ಸೆಟ್ಟಿನ ತಪ್ಪಲ್ಲ.

ಮರ್ಫಿ, ಫಿಲಿಪ್ಸ್, ಬುಷ್ ವಾಲ್ವ್ ಸೆಟ್ಟುಗಳು ಅಂದಿನ ದೊಡ್ಡ ಮನೆಗಳ ಆಸ್ತಿ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಿ ವರ್ಷವರ್ಷ ಹಣ ಕಟ್ಟಬೇಕಿತ್ತು. ಸ್ವಿಚ್ ಹಾಕಿದ ಮೇಲೆ ವಾಲ್ವ್ ಕಾದು ದನಿ ಬರಲು ಅರ್ಧ ನಿಮಿಷ. ಆದರೆ ಆ ದನಿ! ಮರದ ಪೆಟ್ಟಿಗೆಯಿಂದ ಬರುತ್ತಿದ್ದ ಆ ತುಂಬು ಕಂಠ ಇಂದಿನ ಮೊಬೈಲಿನಲ್ಲಿ ಇಲ್ಲ. ಇದನ್ನು ಕಸುಬಿನ ಅಭಿಮಾನ ಎಂದು ಯಾರಾದರೂ ನಕ್ಕರೂ ಚಿಂತೆಯಿಲ್ಲ. ಸಂಜೆ ಪಂಪ್‌ಸೆಟ್‌ಗಳು ಓಡಿ ವೋಲ್ಟೇಜ್ ಕುಸಿದಾಗ ಮಾತ್ರ ಆ ಕಂಠವೂ ಕುಗ್ಗುತ್ತಿತ್ತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಹೊಲಕ್ಕೂ ಹೋಯಿತು. ಸೆಲ್ ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಿಕೊಳ್ಳುವುದು ನಮ್ಮ ಹೆಂಗಸರಿಗೆ ಯಾರೂ ಕಲಿಸದೆ ಬಂದ ವಿದ್ಯೆ.

ಟಿವಿಯ ಕಥೆಯಲ್ಲಿ ನಮ್ಮ ಜಿಲ್ಲೆಗೊಂದು ವಿಶೇಷ ಸ್ಥಾನವಿದೆ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಹಾಸನದಲ್ಲೇ ಇದೆ. 1983ರಲ್ಲಿ ಹಾರಿದ ಇನ್ಸಾಟ್-1ಬಿಯಿಂದಾಗಿ ದೂರದರ್ಶನ ದೇಶದ ಮೂಲೆಮೂಲೆಗೆ ಹರಡಿತು. ಆಕಾಶದ ಉಪಗ್ರಹಕ್ಕೆ ಹಾಸನದಿಂದ ಅಪ್ಪಣೆ ಹೋಗುತ್ತಿತ್ತು, ಇತ್ತ ನಾವು ಹೆಂಚಿನ ಮೇಲೆ ನಿಂತು ಆಂಟೆನಾ ತಿರುಗಿಸುತ್ತ ‘ಬಂತಾ?’ ಎಂದು ಕೂಗುತ್ತಿದ್ದೆವು. 1987ರಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು 12 ವೋಲ್ಟ್‌ನ ಸಣ್ಣ ಕಪ್ಪು-ಬಿಳುಪು ಸೆಟ್ಟಿಗೆ ಹಾಕುತ್ತಿದ್ದರು. ಬಾಡಿಗೆ ವಿಸಿಪಿಯಲ್ಲಿ ಬೆಳಗಿನವರೆಗೆ ಮೂರು ಸಿನಿಮಾ ನೋಡಿದ್ದನ್ನು ಇಲ್ಲಿ ವಿವರಿಸಿದರೆ ಅಂದಿನ ಮೇಷ್ಟ್ರುಗಳು ಈಗಲೂ ಬೈದಾರು.

ಈಗ ಈ ಸೆಟ್ಟುಗಳನ್ನು ಮತ್ತೆ ಮಾತಾಡಿಸಬೇಕೆಂದು ಹಲವರು ಬರುತ್ತಾರೆ. ಬಹಳ ಮಂದಿ ಮೊದಲು ಮಾಡುವ ಕೆಲಸ ಪ್ಲಗ್ ಚುಚ್ಚುವುದು. ಅದನ್ನು ಮಾಡಬೇಡಿ. ಮೂವತ್ತು ವರ್ಷ ಸುಮ್ಮನಿದ್ದ ವಾಲ್ವ್ ರೇಡಿಯೋದಲ್ಲಿ ಕಂಡೆನ್ಸರ್‌ಗಳು ಒಣಗಿರುತ್ತವೆ. ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟರೆ ಅವು ಶಾರ್ಟ್ ಆಗಿ, ಎಲ್ಲಿಯೂ ಸಿಗದ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಬಿಡುತ್ತವೆ. ಮೊದಲು 60 ವ್ಯಾಟ್‌ನ ಹಳೇ ಬುರುಡೆ ಬಲ್ಬನ್ನು ಸೀರೀಸ್‌ನಲ್ಲಿ ಹಾಕಬೇಕು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸದ್ಯಕ್ಕೆ ಚಿಂತೆಯಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಬೇಕು. ದನಿಯ ಜೊತೆ ‘ಗುಂಯ್’ ಎಂದು ಬಂದರೆ ಮೊದಲ ಅನುಮಾನ ಫಿಲ್ಟರ್ ಕಂಡೆನ್ಸರ್ ಮೇಲೆ, ಗುಬುಟು ತಿರುಗಿಸುವಾಗ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿನ ಧೂಳಿನ ಮೇಲೆ. ಕೆಲವು ಅಗ್ಗದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ, ಒಳಗಿನ ತಗಡಿಗೆ ನೇರ ಕರೆಂಟು ಬರುತ್ತದೆ. ಹಳೇ ಟಿವಿಯ ಹಿಂಬದಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಗ್ರಾಮಫೋನಿನ 78ರ ಪ್ಲೇಟುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಹಾಳುಮಾಡಿದವರನ್ನು ಕಂಡಿದ್ದೇನೆ. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ಟಿಗೆ ಕರಗುತ್ತವೆ. ಒಣ ಮೆತ್ತನೆ ಬಟ್ಟೆ ಸಾಕು. ಉಕ್ಕಿನ ಮುಳ್ಳನ್ನು ಪ್ರತಿ ಸಲವೂ ಬದಲಿಸಬೇಕು, ಸವೆದ ಮುಳ್ಳು ಪ್ಲೇಟಿನ ಗೀರನ್ನೇ ಉಳುತ್ತದೆ. ಟೇಪ್ ರೆಕಾರ್ಡರ್ ಓಡದಿದ್ದರೆ ಬಹುಪಾಲು ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿರುತ್ತದೆ, ಮೋಟಾರು ಸರಿಯಾಗಿಯೇ ಇರುತ್ತದೆ. ನಮ್ಮ ಅರೆಮಲೆನಾಡಿನ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಹೆಡ್ಡಿಗೂ, ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಮದುವೆಯ ವಿಡಿಯೋ, ತೀರಿಕೊಂಡ ಹಿರಿಯರ ದನಿ ಇರುವ ಟೇಪುಗಳಿದ್ದರೆ ಬೇರೆಲ್ಲಕ್ಕಿಂತ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ರೇಡಿಯೋ ಇನ್ನೂ ಹತ್ತು ವರ್ಷ ಕಾಯುತ್ತದೆ, ಟೇಪು ಕಾಯುವುದಿಲ್ಲ.

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದು ಕಪಾಟು ಖಾಲಿ ಮಾಡಿಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ. ಮನೆಯಲ್ಲಿ ಬೇಡವಾದ ಸೆಟ್ಟು ಇದ್ದವರು ಗುಜರಿಗೆ ಹಾಕುವ ಮೊದಲು ಇಲ್ಲಿಗೆ ತನ್ನಿ. ಕೆಟ್ಟಿದ್ದರೂ ಸರಿಯೇ. ಯಾರ ಮನೆಯದು, ಯಾವ ವರ್ಷ ತಂದದ್ದು, ಅದರ ಮುಂದೆ ಯಾರೆಲ್ಲ ಕೂರುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ರಿಪೇರಿ ನನ್ನ ಪಾಲಿಗಿರಲಿ.