ಮರಳಿನಿಂದ ಸ್ಮಾರ್ಟ್ ಬೋರ್ಡಿನವರೆಗೆ

ನಿಮ್ಮ ಮಕ್ಕಳ ತರಗತಿಯಲ್ಲಿ ಬೆರಳು ತಾಗಿದೊಡನೆ ಚಿತ್ರ ಚಲಿಸುವ ಬಿಳಿಯ ಫಲಕವೊಂದನ್ನು ನೀವು ಕಂಡಿರಬಹುದು. ಅದಕ್ಕೆಂದು ಶುಲ್ಕವನ್ನೂ ತೆತ್ತಿರಬಹುದು. ಈ ‘ಸ್ಮಾರ್ಟ್ ಬೋರ್ಡ್’ ಮಗುವಿಗೆ ನಿಜವಾಗಿ ಏನನ್ನು ಕೊಡುತ್ತದೆ? ಇತಿಹಾಸದತ್ತ ಒಮ್ಮೆ ತಿರುಗಿ ನೋಡೋಣ.

1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಆಂಗ್ಲಿಕನ್ ಗುರುಗಳು ಮದರಾಸಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡರು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದೇ ಕ್ರಮವನ್ನು ತಮ್ಮ ಶಾಲೆಗೂ ತರಲು ಬಯಸಿದರು. ಸಹಶಿಕ್ಷಕರು ಒಪ್ಪಲಿಲ್ಲ. ಬೆಲ್ ಆ ತರಗತಿಯನ್ನು ಜಾನ್ ಫ್ರಿಸ್ಕನ್ ಎಂಬ 8 ವರ್ಷದ ವಿದ್ಯಾರ್ಥಿಗೆ ಒಪ್ಪಿಸಿದರು. ಹಿರಿಯರು ಆಗದೆಂದ ಕೆಲಸವನ್ನು ಆ ಬಾಲಕ ಮಾಡಿ ತೋರಿಸಿದ. 1797ರಲ್ಲಿ ಬೆಲ್ ಇದರ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಕಲಿತ ಮಗು ಕಲಿಯುವ ಮಗುವಿಗೆ ಕಲಿಸುವ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು.

1810ರಲ್ಲಿ ಎಡಿನ್‌ಬರೋ ಹೈಸ್ಕೂಲಿನ ಮುಖ್ಯಸ್ಥರಾದ ಜೇಮ್ಸ್ ಪಿಲ್ಲನ್ಸ್ ದೊಡ್ಡ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಭೂಗೋಳ ಕಲಿಸಿದರು. ಇಡೀ ತರಗತಿ ಒಂದೇ ಚಿತ್ರವನ್ನು ಏಕಕಾಲಕ್ಕೆ ನೋಡುವಂತಾಯಿತು. 1991ರಲ್ಲಿ ಕೆನಡಾದ ಸ್ಮಾರ್ಟ್ ಟೆಕ್ನಾಲಜೀಸ್ ಸಂಸ್ಥೆ ಗಣಕಯಂತ್ರಕ್ಕೆ ಜೋಡಿಸಿದ ಫಲಕವನ್ನು ಮಾರುಕಟ್ಟೆಗೆ ತಂದಿತು. ಒತ್ತಿದ ಸ್ಥಳವನ್ನು ಯಂತ್ರ ಗುರುತಿಸುವುದರಿಂದ ಬೆರಳೇ ಮತ್ತೆ ಲೇಖನಿಯಾಯಿತು.

ಆದರೆ ಫಲಿತಾಂಶ? ಇಂಗ್ಲೆಂಡಿನ ಸರ್ಕಾರ 2003-04ರಲ್ಲಿ ಲಂಡನ್ನಿನ ಪ್ರೌಢಶಾಲೆಗಳಿಗೆ ಇಂಥ ಫಲಕಗಳಿಗಾಗಿ ಹಣ ಒದಗಿಸಿತು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಮೊದಲ ವರ್ಷದ ಪರೀಕ್ಷೆಗಳಲ್ಲಿ ಗಮನಾರ್ಹ ಪ್ರಗತಿ ಕಾಣಲಿಲ್ಲ. ಕಲಿಕೆಯಲ್ಲಿ ಹಿಂದುಳಿದವರ ತರಗತಿಗಳಲ್ಲಿ ಮಕ್ಕಳು ಸರದಿಯಂತೆ ಫಲಕದ ಬಳಿಗೆ ಬರುವಾಗ ಪಾಠದ ವೇಗ ಕುಂದಿದ್ದೂ ಉಂಟು.

ಹಾಗೆಂದು ಫಲಕವನ್ನು ಹಳಿಯಬೇಕಾಗಿಲ್ಲ. ಮಿಡಿಯುವ ಹೃದಯವನ್ನೂ ತಿರುಗುವ ಗ್ರಹಗಳನ್ನೂ ಅದು ಕರಿಹಲಗೆಗಿಂತ ಚೆನ್ನಾಗಿ ತೋರಿಸಬಲ್ಲದು. ಆದರೆ ಅಂದು ಮರಳಿನ ಬಳಿ ಕಲಿಯುವವನ ಪಕ್ಕದಲ್ಲಿಯೇ ಕಲಿಸುವವನೂ ಇದ್ದನೆಂಬುದನ್ನು ಮರೆಯುವಂತಿಲ್ಲ. ಯೇಸುಸ್ವಾಮಿಯೂ ಒಮ್ಮೆ ಬೆರಳಿನಿಂದ ನೆಲದ ಮೇಲೆ ಬರೆದರು. ಬರೆದದ್ದೇನೆಂದು ಯೊವಾನ್ನರ ಶುಭಸಂದೇಶ ತಿಳಿಸುವುದಿಲ್ಲ. ಎಲ್ಲರೂ ಹೊರಟುಹೋದ ಮೇಲೆ ಅಲ್ಲಿಯೇ ನಿಂತಿದ್ದ ಆ ಸ್ತ್ರೀಯೊಡನೆ ಅವರು ಆಡಿದ ಮಾತನ್ನು ಮಾತ್ರ ನಮಗೆ ಉಳಿಸಿಕೊಟ್ಟಿದೆ.

ಆದ್ದರಿಂದ ಮುಂದಿನ ಪೋಷಕರ ಸಭೆಗೆ ಹೋದಾಗ, ಶಾಲೆಯಲ್ಲಿ ಎಷ್ಟು ಫಲಕಗಳಿವೆ ಎಂದಷ್ಟೇ ಕೇಳಬೇಡಿ. ಪಾಠ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವಿನ ಬಳಿಗೆ ಯಾರು ಹೋಗುತ್ತಾರೆ ಎಂದೂ ಕೇಳಿರಿ. ಆ ಮಗು ನಿಮ್ಮದಲ್ಲದಿದ್ದರೂ ಕೇಳಿರಿ.