ಮೆಟಡಾರಿನ ತೇಪೆಗಳು

ಎಂಬತ್ತು, ತೊಂಬತ್ತರ ದಶಕಗಳ ಕರ್ನಾಟಕವನ್ನು ಕಂಡವರಿಗೆ ಮೆಟಡಾರ್ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ದಿಬ್ಬಣ ಹೋದದ್ದು ಅದರಲ್ಲಿ, ಸಂತೆಗೆ ತರಕಾರಿ ಬಂದದ್ದು ಅದರಲ್ಲಿ, ಬಾಡಿಗೆ ಮನೆ ಬದಲಿಸುವಾಗ ಬೀರು, ಮಂಚ, ತುಳಸಿ ಕುಂಡ ಏರಿದ್ದೂ ಅದರಲ್ಲೇ. ಕಂಪನಿ ಇಟ್ಟ ಹೆಸರು ಮ್ಯಾಟಡೋರ್. ಸ್ಪೇನಿನಲ್ಲಿ ಗೂಳಿಯ ಎದುರು ನಿಲ್ಲುವವನ ಹೆಸರದು. ನಮ್ಮ ನಾಲಿಗೆ ಅದನ್ನು ಮೆಟಡಾರ್ ಮಾಡಿಕೊಂಡಿತು. ಆಮೇಲೆ ಅದೇ ಗಾತ್ರದ ಬೇರೆ ಕಂಪನಿಯ ವ್ಯಾನುಗಳನ್ನೂ ಡಾಲ್ಡಾ, ಜೆರಾಕ್ಸ್‌ಗಳ ಹಾಗೆ ಅದೇ ಹೆಸರಿನಿಂದ ಕರೆಯಿತು.

ಈ ಹೆಸರಿನ ಮೂಲ ಹುಡುಕಿದರೆ ಹ್ಯಾಂಬರ್ಗ್ ನಗರದ ಹಾರ್ಬುರ್ಗ್ ಎಂಬ ಭಾಗಕ್ಕೆ ಹೋಗಿ ನಿಲ್ಲುತ್ತೇವೆ. ಅಲ್ಲಿನ ವಿಡಾಲ್ ಅಂಡ್ ಝೋನ್ ಕಂಪನಿ ಟೆಂಪೊ ಎಂಬ ಹೆಸರಿನಲ್ಲಿ ಮೂರು ಚಕ್ರದ ಸರಕು ಗಾಡಿಗಳನ್ನು ಮಾಡುತ್ತಿತ್ತು. ಯುದ್ಧ ಮುಗಿದು ಜರ್ಮನಿ ಮತ್ತೆ ಎದ್ದು ನಿಲ್ಲುತ್ತಿದ್ದ ಹೊತ್ತಿನಲ್ಲಿ, 1949ರಲ್ಲಿ, ನಾಲ್ಕು ಚಕ್ರದ ಮ್ಯಾಟಡೋರ್ ಬಂತು. ಅದರ ಎಂಜಿನ್ ಕೊಟ್ಟದ್ದು ಫೋಕ್ಸ್‌ವ್ಯಾಗನ್. ಮರುವರ್ಷ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನನ್ನು ತಯಾರಿಸತೊಡಗಿತು. ಇಂದು ಲೋಕದಾದ್ಯಂತ ಸಂಗ್ರಾಹಕರು ಮುಗಿಬೀಳುವ, ಹಿಪ್ಪಿಗಳ ಚಿತ್ರಗಳಲ್ಲೆಲ್ಲ ಕಾಣುವ ವ್ಯಾನ್ ಅದು. ಸ್ವಂತದ್ದು ಬಂದ ಮೇಲೆ ಎದುರಾಳಿಗೆ ಎಂಜಿನ್ ಯಾಕೆ ಕೊಟ್ಟಾರು? ಕೆಲವೇ ವರ್ಷಗಳಲ್ಲಿ ಸರಬರಾಜು ನಿಂತಿತು, ಟೆಂಪೊ ಬೇರೆ ಎಂಜಿನ್‌ಗಳನ್ನು ಹುಡುಕಿಕೊಂಡಿತು. ಒಂದೇ ಒಲೆಯಲ್ಲಿ ಬೆಂದ ಈ ಎರಡು ವ್ಯಾನುಗಳಲ್ಲಿ ಒಂದು ಪೋಸ್ಟರ್ ಸೇರಿತು, ಇನ್ನೊಂದು ನಮ್ಮ ಎಪಿಎಂಸಿ ಯಾರ್ಡ್ ಸೇರಿತು.

ಭಾರತಕ್ಕೆ ಅದು ಬಂದ ದಾರಿ ಇದು: 1958ರಲ್ಲಿ ಎನ್. ಕೆ. ಫಿರೋದಿಯಾ ಅವರು ವಿಡಾಲ್ ಕಂಪನಿಯ ಸಹಯೋಗದಲ್ಲಿ ಬಜಾಜ್ ಟೆಂಪೊ ಕಟ್ಟಿದರು. ಮೊದಲು ಮೂರು ಚಕ್ರದ ಗಾಡಿ ಬಂತು. ನಮ್ಮ ‘ಟೆಂಪೋ’ ಎಂಬ ಪದ ಹುಟ್ಟಿದ್ದು ಅಲ್ಲಿಂದ. ಬಳಿಕ ಮ್ಯಾಟಡೋರ್. ಅತ್ತ ಜರ್ಮನಿಯಲ್ಲಿ ಮೂಲ ಕಂಪನಿ ಹ್ಯಾನೋಮಾಗ್ ಕೈಗೆ, ಅಲ್ಲಿಂದ ಡೈಮ್ಲರ್-ಬೆನ್ಜ್ ಕೈಗೆ ಹೋಗಿ ಟೆಂಪೊ ಎಂಬ ಹೆಸರೇ ಅಳಿಸಿಹೋಯಿತು. ಇತ್ತ ಭಾರತದಲ್ಲಿ ಅದು ಓಡುತ್ತಲೇ ಇತ್ತು. 2005ರಲ್ಲಿ ಇಲ್ಲಿನ ಕಂಪನಿಯೂ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಇಷ್ಟು ಇತಿಹಾಸ ಗ್ರಂಥಾಲಯದಲ್ಲಿ ಕೂತರೆ ಸಿಗುತ್ತದೆ. ನನ್ನ ಸಂಶೋಧನೆ ಸ್ವಾತಂತ್ರ್ಯಾನಂತರದ ಬೆಂಗಳೂರಿನ ಸಣ್ಣ ಗ್ಯಾರೇಜುಗಳ ಕುರಿತದ್ದು. ಅದಕ್ಕೆ ಬೇಕಾದದ್ದು ಅಲ್ಲಿ ಸಿಗುವುದಿಲ್ಲ. ಟ್ಯಾರಿಫ್ ಕಮಿಷನ್ನಿನ ವರದಿಗಳಿವೆ, ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳಿವೆ. 1953ರ ನೀತಿಯ ನಂತರ ಫೋರ್ಡ್, ಜನರಲ್ ಮೋಟಾರ್ಸ್‌ನಂಥವರು ಇಲ್ಲಿನ ಜೋಡಣೆ ಕಾರ್ಖಾನೆಗಳನ್ನು ಮುಚ್ಚಿ ಹೋದದ್ದು ದಾಖಲಾಗಿದೆ. ಆದರೆ ಅವರು ಬಿಟ್ಟುಹೋದ ಗಾಡಿಗಳಿಗೆ ಮುಂದಿನ ಮೂವತ್ತು, ನಲವತ್ತು ವರ್ಷ ಮಡ್‌ಗಾರ್ಡು, ಬಾಗಿಲು, ಬಾನೆಟ್ಟುಗಳನ್ನು ಕೈಯಲ್ಲೇ ಬಡಿದು ಮಾಡಿಕೊಟ್ಟವರು ಯಾರು? ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಟಿಂಕರಿಂಗ್ ಶೆಡ್ಡುಗಳವರು. ಅವರು ಬಿಲ್ಲು ಬರೆದದ್ದು ಸಿಗರೇಟು ಪ್ಯಾಕಿನ ಹಿಂದೆ. ಹಾಗಾಗಿ ನನಗೆ ಉಳಿದ ಕಡತವೆಂದರೆ ತಗಡೇ.

ತಗಡನ್ನು ಓದಬೇಕಾದರೆ ಮೊದಲು ತುಕ್ಕನ್ನು ಓದಲು ಕಲಿಯಬೇಕು. ನನಗೆ ಅದನ್ನು ಕಲಿಸಿದವರು ಅರವತ್ತು ದಾಟಿದ ಒಬ್ಬ ಟಿಂಕರ್. ಶೆಡ್ಡಿನ ಹುಡುಗರೆಲ್ಲ ಅವರನ್ನು ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. “ತುಕ್ಕು ಕಾಣೋ ಜಾಗದಲ್ಲಿ ಹುಟ್ಟಿರಲ್ಲ ಮೇಡಂ, ಅದರ ಬೆನ್ನ ಹಿಂದೆ ಹುಟ್ಟಿರುತ್ತೆ” ಎಂಬುದು ಅವರ ಮೊದಲ ಪಾಠ. ಹಳೆಯ ವ್ಯಾನಿನ ಮೈ ಒಂದೇ ತಗಡಲ್ಲ. ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಚು ಕೂರಿಸಿ, ಅಲ್ಲಲ್ಲಿ ಚುಕ್ಕೆಯಿಟ್ಟಂತೆ ವೆಲ್ಡ್ ಮಾಡಿರುತ್ತಾರೆ. ಆ ಎರಡು ಹಾಳೆಗಳ ನಡುವಿನ ಕೂದಲೆಳೆಯ ಸಂದಿಗೆ ನೀರು ತಾನಾಗಿ ಏರುತ್ತದೆ, ಬತ್ತಿ ಎಣ್ಣೆ ಕುಡಿದ ಹಾಗೆ. ಅಲ್ಲಿಗೆ ಬಣ್ಣ ತಲುಪಿರುವುದಿಲ್ಲ, ಗಾಳಿ ಆಡುವುದಿಲ್ಲ, ಒಣಗುವುದೂ ಇಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಸಂದಿ ಇನ್ನಷ್ಟು ಬಾಯಿಬಿಡುತ್ತದೆ, ಇನ್ನಷ್ಟು ನೀರು ಸೇರುತ್ತದೆ. ಹೊರಗೆ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುವ ಹೊತ್ತಿಗೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಸತುವಿನ ಲೇಪವಿರುವ ತಗಡು ಕಾರುಗಳಿಗೆ ವ್ಯಾಪಕವಾಗಿ ಬಂದದ್ದು ಎಪ್ಪತ್ತು, ಎಂಬತ್ತರ ದಶಕಗಳ ನಂತರ. ಅದಕ್ಕೂ ಮುಂಚಿನ ಗಾಡಿಗಳಿಗೆ ಬಣ್ಣವೊಂದೇ ಕಾವಲು.

ಬಾಗಿಲ ಕೆಳಗಿನ ಹೊಸ್ತಿಲು ಪಟ್ಟಿ, ಚಕ್ರದ ಕಮಾನು, ಮುಂಗಾಜಿನ ರಬ್ಬರಿನ ಅಡಿ, ಬಾಗಿಲುಗಳ ತಳ, ಬ್ಯಾಟರಿ ಕೂರುವ ತಟ್ಟೆ ಎಲ್ಲ ವ್ಯಾನುಗಳಲ್ಲೂ ಹೋಗುವ ಜಾಗಗಳು. ಜರ್ಮನಿಯ ಫೋಕ್ಸ್‌ವ್ಯಾಗನ್ ಆದರೂ ಅಷ್ಟೇ, ನಮ್ಮ ಮೆಟಡಾರ್ ಆದರೂ ಅಷ್ಟೇ. ಉಸ್ತಾದರ ಜಾಣ್ಮೆ ಇರುವುದು ಅದರಾಚೆ. ಗೊಬ್ಬರ ಹೊತ್ತ ಗಾಡಿಯ ತುಕ್ಕು ಬೇರೆ, ಹಾಲಿನ ಕ್ಯಾನು ಹೊತ್ತದ್ದರ ತುಕ್ಕು ಬೇರೆ ಎನ್ನುತ್ತಾರೆ. ಬರೀ ಮಳೆಗೆ ನಿಂತ ಗಾಡಿ ಮೇಲಿಂದ ಕೆಳಕ್ಕೆ ಹೋಗುತ್ತದೆ. ದುಡಿದ ಗಾಡಿ ಒಳಗಿಂದ ಹೊರಕ್ಕೆ.

ನಾನು ಹೇಳಹೊರಟ ವ್ಯಾನ್ 1974ರಲ್ಲಿ ನೋಂದಣಿಯಾದದ್ದು. ಮಲೆನಾಡಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಒಂದು ಕುಟುಂಬದ್ದು. ಅಜ್ಜ ಕೊಂಡದ್ದನ್ನು ಮೊಮ್ಮಗ ಹೊಸದರಂತೆ ಮಾಡಿಸಲು ತಂದಿದ್ದರು. ಅಜ್ಜ ಅದರಲ್ಲಿ ಅಡಿಕೆ ಸಾಗಿಸುತ್ತಿದ್ದರೆಂದು, ತೋಟ, ಮಂಡಿ, ವ್ಯವಹಾರದ ಕತೆಗಳನ್ನೆಲ್ಲ ಹೇಳಿದರು. ನಾನು ಬರೆದುಕೊಂಡೆ.

ನೆಲದ ತಗಡು ಎರಡು ಪದರವಾಗಿತ್ತು. ಕಂಪನಿಯ ನೆಲ ತೂತಾದ ಮೇಲೆ ಯಾರೋ ಅದರ ಮೇಲೇ ಇನ್ನೊಂದು ತಗಡು ಹಾಸಿ ಗ್ಯಾಸ್ ವೆಲ್ಡಿಂಗ್ ಮಾಡಿದ್ದರು. ಉಸ್ತಾದರು ಆ ಮೇಲಿನ ತೇಪೆಯನ್ನು ಕತ್ತರಿಸಿ ಎತ್ತಿದಾಗ ಅದರ ಬೆನ್ನಿಗೆ ಎಣ್ಣೆ ಕಂಪನಿಯೊಂದರ ಉಬ್ಬಕ್ಷರಗಳು ಕಂಡವು. ತಗಡಿಗೆ ಬರವಿದ್ದ ಕಾಲದಲ್ಲಿ ಡ್ರಮ್ಮಿನ ತಳ, ಮುಚ್ಚಳ ಕತ್ತರಿಸಿ, ಮೈಯನ್ನು ಸೀಳಿ ಬಿಡಿಸಿ, ಬಡಿದು ಚಪ್ಪಟೆ ಮಾಡಿದರೆ ಒಳ್ಳೆಯ ಹಾಳೆ ಸಿಗುತ್ತಿತ್ತಂತೆ. “ಈಗಿನ ಶೀಟಿಗಿಂತ ಡ್ರಮ್ ತಗಡು ಗಟ್ಟಿ. ಸುತ್ತಿಗೆಗೆ ಬೇಗ ಬಗ್ಗಲ್ಲ, ಬಗ್ಗಿದ್ರೆ ಹಾಗೇ ಇರುತ್ತೆ” ಅಂದರು ಉಸ್ತಾದ್. ಆ ವೆಲ್ಡಿನ ಮಣಿಗಳನ್ನು ಬೆರಳಲ್ಲಿ ಸವರಿ, ಇದು ಎಡಗೈಯವನ ಕೆಲಸ ಎಂದೂ ಹೇಳಿದರು. ಅದನ್ನು ಪರೀಕ್ಷಿಸುವ ದಾರಿ ನನಗಿಲ್ಲ. ಆದರೆ ಅವರು ಸುಮ್ಮನೆ ಹೇಳುವವರಲ್ಲ.

ಎರಡು ಪದರಗಳ ನಡುವೆ ಬಿಳಿ ಉಪ್ಪು ಹೆಪ್ಪುಗಟ್ಟಿ ಕೂತಿತ್ತು. ಅದರಲ್ಲಿ ಉಗುರಿನಂಥ, ಪಾರದರ್ಶಕವಾದ ಚಿಕ್ಕ ಚಿಕ್ಕ ಚೂರುಗಳು. ಶೆಡ್ಡಿನ ಹುಡುಗನೊಬ್ಬ ಉಡುಪಿ ಕಡೆಯವನು, ನೋಡಿದ್ದೇ ತಡ “ಮೀನಿನ ಹುರುಪೆ” ಅಂದ.

ಮಂಜುಗಡ್ಡೆ ಕರಗಿದ ಉಪ್ಪುನೀರು ಪಕ್ಕದ ತಗಡುಗಳನ್ನೂ ಒಂದು ಗೇಣಿನ ಎತ್ತರಕ್ಕೆ ಒಳಗಿಂದ ತಿಂದಿತ್ತು. ಒಂದೆರಡು ಸಲ ಹೊತ್ತದ್ದಕ್ಕೆ ಹಾಗಾಗುವುದಿಲ್ಲ, ವರ್ಷಗಟ್ಟಲೆ ಬೇಕು. ಮೊಮ್ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಅವರೇ ಫೋನು ಮಾಡಿ, ಊರಿನಲ್ಲಿರುವ ದೊಡ್ಡತ್ತೆಯನ್ನು ಕೇಳಿದೆ ಅಂದರು. ಅಡಿಕೆಗೆ ಬೆಲೆ ಬಿದ್ದ ವರ್ಷಗಳಲ್ಲಿ ಅಜ್ಜ ಮಲ್ಪೆಯಿಂದ ಘಟ್ಟ ಹತ್ತಿಸಿ ಮೀನು ತರುತ್ತಿದ್ದರಂತೆ. ಮನೆಗೆ ಬರುವ ಮೊದಲು ಹೊಳೆಯಲ್ಲಿ ಗಾಡಿ ತೊಳೆದು, ತಾವೂ ಮಿಂದು, ಬೇರೆ ಅಂಗಿ ತೊಟ್ಟು ಬರುತ್ತಿದ್ದರಂತೆ. ಆ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿರಲಿಲ್ಲ. ಸಾಲ ತೀರಿದ್ದು, ಅತ್ತೆಯಂದಿರ ಮದುವೆಯಾದದ್ದು ಆ ದುಡ್ಡಿನಲ್ಲಿ. ಕತೆಯಲ್ಲಿ ಉಳಿದದ್ದು ಅಡಿಕೆ.

ಇನ್ನು ರಿಪೇರಿಯ ಮಾತು. ಕೊಳೆತದ್ದನ್ನು ಕತ್ತರಿಸಿ ತೆಗೆಯದೆ ಗತಿಯಿಲ್ಲ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಕಣ್ಣಿಗೆ ಮಣ್ಣೆರಚುವ ಕೆಲಸ, ಎರಡು ಮಳೆಗಾಲಕ್ಕೆ ಬಯಲಾಗುತ್ತದೆ. ಉಸ್ತಾದರು ಹಸಿ ಲೋಹ ಸಿಗುವವರೆಗೆ ಕತ್ತರಿಸುತ್ತಾರೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಗೀರಿ, ಕತ್ತರಿಸಿ, ಬಾಗು ಬೇಕಾದಲ್ಲಿ ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿಯುತ್ತಾರೆ. ಬಡಿದಷ್ಟೂ ತಗಡು ತೆಳ್ಳಗಾಗಿ ಹಿಗ್ಗುತ್ತದೆ. ಹಿಗ್ಗಿದ್ದು ಹೆಚ್ಚಾದರೆ ನಾಲ್ಕಾಣೆಯಗಲ ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಲೂ ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಚುಂಯ್ ಎಂದು ಕುಗ್ಗುತ್ತದೆ. ಹಿಂದೊಂದು ಡಾಲಿ ಹಿಡಿದು ಮುಂದಿನಿಂದ ಸುತ್ತಿಗೆ ಆಡಿಸುತ್ತ, ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ಉಬ್ಬುತಗ್ಗು ಹುಡುಕುತ್ತಾರೆ. ಕಣ್ಣಿಗೆ ಬೆಳಕು ಮೋಸ ಮಾಡುತ್ತದೆ, ಕೈಗೆ ಮಾಡುವುದಿಲ್ಲವಂತೆ. ಪಕ್ಕದ ಅಗಲ ಹಾಳೆಗಳೇ ಕಷ್ಟ. ಸಪಾಟಾದ ತೆಳು ತಗಡು ಡಬಡಬ ಎನ್ನುತ್ತದೆ. ಅದನ್ನು ತಡೆಯಲೆಂದೇ ಕಂಪನಿಗಳು ಅದರ ಮೇಲೆ ಗೆರೆ ಒತ್ತುತ್ತವೆ. ಫ್ರಾನ್ಸಿನ ಸಿಟ್ರೊಯೆನ್ ಎಚ್ ವ್ಯಾನಿನ ಮೈಯನ್ನು ಸುಕ್ಕುಸುಕ್ಕಾದ ತಗಡಿನಿಂದಲೇ ಮಾಡಿ, 1947ರಿಂದ 1981ರವರೆಗೆ ಮಾರಿದರು. ನಮ್ಮ ಚಾವಣಿಯ ಶೀಟು ನೆನಪಾಗುತ್ತದೆ.

ಈ ಕೆಲಸಕ್ಕೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಒಂದು ನೀತಿಯಿದೆ. ಹಳೆಯ ವಾಹನಗಳ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಸ್ಮಾರಕಗಳ ಸಂರಕ್ಷಣೆಗೆ 1964ರಲ್ಲಿ ಆದ ವೆನಿಸ್ ಸನ್ನದಿನ ಜಾಡಿನಲ್ಲೇ ನಡೆಯುತ್ತದೆ. ಗಾಡಿ ಬಾಳಿದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಇತಿಹಾಸವೇ ಎಂಬುದು ಅದರ ಸಾರ. ಆ ಲೆಕ್ಕದಲ್ಲಿ ಡ್ರಮ್ಮಿನ ತೇಪೆ ಹಾರ್ಬುರ್ಗಿನ ನಕ್ಷೆಯಷ್ಟೇ ಮುಖ್ಯ. ನನ್ನನ್ನು ಕೇಳಿದರೆ ಹೆಚ್ಚು ಮುಖ್ಯ. ನಕ್ಷೆಯ ಪ್ರತಿಗಳು ಬೇಕಾದಷ್ಟು ಇದ್ದಾವು, ಎಡಗೈಯ ಟಿಂಕರನದ್ದು ಇದೊಂದೇ.

ನಮ್ಮ ಕಾನೂನಿನ ಕಣ್ಣು ಬೇರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು: ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಛಾಸಿ, ಮೈ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳಿರುವ ನಂಬರು. ಉದ್ದೇಶ ಒಳ್ಳೆಯದೇ. ಆದರೆ ನಾಲ್ಕು ಚಕ್ರದವುಗಳಲ್ಲಿ ಅದು ಅನ್ವಯಿಸುವುದು ಎಂ1 ವರ್ಗಕ್ಕೆ, ಅಂದರೆ ಚಾಲಕನಲ್ಲದೆ ಎಂಟು ಮಂದಿಯವರೆಗೆ ಕೂರುವ ಪ್ರಯಾಣಿಕ ವಾಹನಗಳಿಗೆ. ಸರಕು ವ್ಯಾನಿಗೆ ಅಲ್ಲಿ ಜಾಗವಿಲ್ಲ. ಮಹಾರಾಜರ ಶೆಡ್ಡಿನಲ್ಲಿ ಹಾಸುಬಟ್ಟೆ ಹೊದ್ದು ಮಲಗಿದ ರೋಲ್ಸ್ ರಾಯ್ಸ್ ಮೂಲ ರೂಪದಲ್ಲಿ ಉಳಿಯುವುದು ಸಹಜ, ಅದು ಮೀನು ಹೊತ್ತಿಲ್ಲ. ದುಡಿದದ್ದಕ್ಕೆ ತೇಪೆ ಬೀಳುತ್ತದೆ. ಹಾಗಾಗಿ ಐವತ್ತು ವರ್ಷ ಕಳೆದರೂ ನಮ್ಮ ಮೆಟಡಾರ್ ಕಾಗದದ ಮೇಲೆ ವಿಂಟೇಜ್ ಅಲ್ಲ, ಎಫ್.ಸಿ. ಮಾಡಿಸಿಕೊಳ್ಳಬೇಕಾದ ಹಳೇ ಗೂಡ್ಸ್ ಗಾಡಿ. ಹಳೆಯ ವಾಣಿಜ್ಯ ವಾಹನಗಳ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿದ ಮೇಲೆ ಇಂಥ ಗಾಡಿಗಳಿಗೆ ಗುಜರಿಯೇ ಹತ್ತಿರದ ದಾರಿ.

ಹಳೆಯ ನೆಲವನ್ನು ಪೂರ್ತಿ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ, ಅಡ್ಡಪಟ್ಟಿಗಳೇ ಹೋಗಿದ್ದವು. ಮುಂಭಾಗದಲ್ಲಿ ಗಟ್ಟಿಯಿದ್ದಷ್ಟನ್ನು ಬಿಟ್ಟು, ಹಿಂದಕ್ಕೆ ಹದಿನೆಂಟು ಗೇಜಿನ ಹೊಸ ತಗಡು ಕೂರಿಸಿದರು. ಹೊಸದರ ಅಡಿಮೈಗೆ ಇಸವಿಯನ್ನು ಉಳಿಯಲ್ಲಿ ಕೆತ್ತಿ ಎಂದು ಕೇಳಿಕೊಂಡೆ. ಉಸ್ತಾದರು ನಕ್ಕು, ಇಸವಿಯ ಪಕ್ಕ ತಮ್ಮ ಹೆಸರಿನ ಮೊದಲಕ್ಷರವನ್ನೂ ಉರ್ದುವಿನಲ್ಲಿ ಕೆತ್ತಿದರು. ನಲವತ್ತೈದು ವರ್ಷದ ಕೆಲಸದಲ್ಲಿ ಇದೇ ಮೊದಲ ಸಲವಂತೆ.

ಕತ್ತರಿಸಿ ತೆಗೆದ ತೇಪೆಯನ್ನು ಏನು ಮಾಡುವುದೆಂದು ಮೊಮ್ಮಗನನ್ನು ಕೇಳಿದೆ. ತೆಗೆದ ಮುಖ್ಯ ಭಾಗಗಳು ಗಾಡಿಯ ಜೊತೆಗೇ ಇರಬೇಕು ಎನ್ನುತ್ತದೆ ಟ್ಯೂರಿನ್ ಸನ್ನದು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಮನೇಲಿ ಬೇಡ ಮೇಡಂ, ಅಪ್ಪ ಕೇಳ್ತಾರೆ. ನಿಮ್ಮ ಥೀಸಿಸ್ಸಿಗೆ ಬೇಕಾದ್ರೆ ಇಟ್ಕೊಳಿ” ಅಂದರು. ಈಗ ಅದು ಎಣ್ಣೆ ಸವರಿದ ಗೋಣಿಯಲ್ಲಿ ಸುತ್ತಿಕೊಂಡು ನನ್ನ ಹಾಸ್ಟೆಲ್ ಮಂಚದ ಕೆಳಗಿದೆ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಡ್ರಮ್ಮಿನ ಅಕ್ಷರಗಳ ಫೋಟೊ ಹಾಕಲು ಅವರ ಒಪ್ಪಿಗೆ ಸಿಕ್ಕಿದೆ. ಹುರುಪೆಯ ಫೋಟೊಗೆ ಇನ್ನೂ ಸಿಕ್ಕಿಲ್ಲ. ಊರು, ಹೆಸರು ಯಾವುದೂ ಇಲ್ಲದೆ ಇಲ್ಲಿ ಬರೆಯಲು ಮಾತ್ರ ಹೂಂ ಅಂದಿದ್ದಾರೆ.